ಅಕ್ಕನಿಗೆ ತೋರಿಸದ ಜಾಗ

ಟೇಕಲ್ ಬೆಟ್ಟದ ಒಂದು ಬಂಡೆಯನ್ನು ನಮ್ಮ ಮನೆಯಲ್ಲಿ ಎಲ್ಲರೂ ದೊಡ್ಡೋಳ ಬಂಡೆ ಅನ್ನುತ್ತಾರೆ. ದೊಡ್ಡೋಳು ಅಂದರೆ ನನ್ನ ಅಕ್ಕ. ನಾನು ಚಿಕ್ಕೋಳು. ಆ ಬಂಡೆಯನ್ನು ಮೊದಲು ಕಂಡವಳು ನಾನು.

ಆಗ ನಾನು ಹೈಸ್ಕೂಲಿನಲ್ಲಿದ್ದೆ. ಬೆಟ್ಟದ ಅರ್ಧಕ್ಕೆ ಎರಡು ದೊಡ್ಡ ಗುಂಡುಕಲ್ಲುಗಳು ಒಂದಕ್ಕೊಂದು ಒರಗಿಕೊಂಡು ನಿಂತಿವೆ. ನಡುವಿನ ಸಂದಿಯಲ್ಲಿ ಕತ್ತಲೆ. ಪಕ್ಕಕ್ಕೆ ತಿರುಗಿ, ಉಸಿರು ಹಿಡಿದು ತೂರಿಕೊಂಡರೆ ಆಚೆ ಬದಿಗೆ ಚಾಪೆ ಹಾಸುವಷ್ಟು ಅಗಲದ ಚಪ್ಪಟೆ ಬಂಡೆ ಸಿಗುತ್ತದೆ. ಅಲ್ಲಿ ಕೂತರೆ ಸ್ಟೇಷನ್ನು, ಹಳಿ, ಕೆರೆ, ರಾಗಿ ಹೊಲಗಳ ನಡುವೆ ಹಿಪ್ಪುನೇರಳೆಯ ಕಡುಹಸಿರು ಪಟ್ಟಿಗಳು, ನಮ್ಮ ಮನೆಯ ತಾರಸಿಯ ಮೇಲೆ ಅಮ್ಮ ಸಂಡಿಗೆ ಇಟ್ಟಿದ್ದ ಹಳೆಯ ಬಿಳಿ ಪಂಚೆ, ಎಲ್ಲ ಕಾಣುತ್ತಿತ್ತು. ರೈಲು ಹೊರಡುವುದು ಮೊದಲು ಕಣ್ಣಿಗೆ ಬೀಳುತ್ತಿತ್ತು, ಸದ್ದು ಸ್ವಲ್ಪ ತಡವಾಗಿ ಬರುತ್ತಿತ್ತು. ಕೆಳಗಿನವರಿಗೆ ನಾನು ಕಾಣುತ್ತಿರಲಿಲ್ಲ. ಆ ಜಾಗದಲ್ಲಿ ನನಗೆ ಇಷ್ಟವಾಗಿದ್ದೇ ಅದು.

ಕೆಲವು ದಿನ ಒಬ್ಬಳೇ ಹೋದೆ. ಆಮೇಲೆ, ಅಕ್ಕ ಅಲ್ಲವೇ ಎಂದು, ಅವಳಿಗೆ ತೋರಿಸಿದೆ. ಮುಂದಿನ ಭಾನುವಾರ ಅವಳ ಜೊತೆ ಅವಳ ಕ್ಲಾಸಿನ ಹುಡುಗಿಯರು ಬಂದರು. ಯುಗಾದಿಗೆ ಬಂದಿದ್ದ ನೆಂಟರ ಮಕ್ಕಳನ್ನೆಲ್ಲ ಅವಳೇ ಕರೆದುಕೊಂಡು ಹೋದಳು. ಅಕ್ಕ ಮಾತು ಬಲ್ಲವಳು. "ನಾವೊಂದು ಜಾಗ ಕಂಡುಹಿಡಿದ್ವಿ" ಎಂದು ಶುರುವಾದ ಕತೆ ಹೇಳುತ್ತ ಹೇಳುತ್ತ "ನಾನೊಂದು ಜಾಗ ಕಂಡುಹಿಡಿದೆ" ಎಂದಾಯಿತು. ಅವಳು ಸುಳ್ಳು ಹೇಳಬೇಕೆಂದು ಹೇಳಲಿಲ್ಲ. ಕತೆ ಹಾಗೆ ಚೆನ್ನಾಗಿ ಕೂರುತ್ತಿತ್ತು, ಅಷ್ಟೇ. ಅವಳ ಮದುವೆಯ ಹೊತ್ತಿಗೆ ಮಾಲೂರಿನ ಫೋಟೋದವರು ಅವಳನ್ನೂ ಭಾವನನ್ನೂ ಅದೇ ಬಂಡೆಯ ಮೇಲೆ ಕೂರಿಸಿದರು. ಬಿಸಿಲಿಗೆ ಅಡ್ಡವಾಗಿ ಛತ್ರಿ ಹಿಡಿದು ನಿಂತವಳು ನಾನು. ಆ ಫೋಟೋ ಈಗಲೂ ನಮ್ಮ ಮನೆಯ ಹಾಲಿನ ಗೋಡೆಯ ಮೇಲಿದೆ. ಅದರ ಎಡಮೂಲೆಯಲ್ಲಿ ಬಿದ್ದಿರುವ ನೆರಳು ನನ್ನದು.

ಹೀಗಾಗಿ ಭೂಗೋಳದಲ್ಲಿ ಎಂ.ಎಸ್ಸಿ. ಮುಗಿಸಿ, ಮಾಲ್ಟಾ ದೇಶದಲ್ಲಿ ಒಂದು ವರ್ಷದ ಓದಿಗೆ ಆಯ್ಕೆಯಾದಾಗ ನನಗೆ ಆದ ಸಂತೋಷದಲ್ಲಿ ಸ್ವಲ್ಪ ಭಾಗ ಯಾರಿಗೂ ಹೇಳುವಂಥದ್ದಲ್ಲ. ಮೆಡಿಟರೇನಿಯನ್ ಸಮುದ್ರದ ನಡುವಿನ ಆ ದೇಶಕ್ಕೆ ಸೇರಿದ ಚಿಕ್ಕ ದ್ವೀಪ ಗೋಜೊ. ಅಲ್ಲಿನ ಹಳೆಯ ಕಲ್ಲುಗೋಡೆಗಳು ಇಳಿಜಾರಿನ ಮಣ್ಣನ್ನು ಹೇಗೆ ಹಿಡಿದಿಟ್ಟಿವೆ ಎಂಬುದು ನಾನು ಆರಿಸಿಕೊಂಡ ವಿಷಯ. ಅಕ್ಕ ನೋಡದ ನೆಲ ಅದು. ಅಕ್ಕನ ಫೋನಿನಲ್ಲಿ ಅದರ ಒಂದು ಚಿತ್ರವೂ ಇರಲಿಲ್ಲ.

ಗೋಜೊದ ಒಂದು ಹಳ್ಳಿಯಲ್ಲಿ, ವಯಸ್ಸಾದ ಒಬ್ಬ ಹೆಂಗಸಿನ ಮನೆಯ ಮೇಲ್ಮಹಡಿಯಲ್ಲಿ ಕೋಣೆ ಸಿಕ್ಕಿತು. ಮನೆಗಳೆಲ್ಲ ಬೆಲ್ಲದ ಬಣ್ಣದ ಸುಣ್ಣಕಲ್ಲಿನವು. ವಾರವಿಡೀ ಗೋಡೆಗಳ ಎತ್ತರ, ದಪ್ಪ, ಬಿರುಕು ಬರೆದುಕೊಳ್ಳುವ ಕೆಲಸ. ಭಾನುವಾರ ನನ್ನದು. ಆ ದ್ವೀಪದಲ್ಲಿ ನೋಡಲು ಚೆನ್ನಾದ ಜಾಗಗಳಿಗೆ ಬರವಿಲ್ಲ. ಪ್ರವಾಸಿಗಳ ಬಸ್ಸು ನಿಲ್ಲುವ ಕಡೆಯೆಲ್ಲ ಬೆಂಚು, ಬೇಲಿ, ಐಸ್‌ಕ್ರೀಂ ಗಾಡಿ. ನನಗೆ ಬೇಕಾಗಿದ್ದು ಅವಲ್ಲ. ನಕ್ಷೆಯನ್ನು ಮೇಜಿನ ಮೇಲೆ ಹರಡಿಕೊಂಡು, ಎತ್ತರದ ಗೆರೆಗಳು ಎಲ್ಲಿ ಒತ್ತೊತ್ತಾಗಿವೆ, ಎಲ್ಲಿ ತಟ್ಟನೆ ಬಿಡಿಬಿಡಿಯಾಗುತ್ತವೆ ಎಂದು ನೋಡುತ್ತಿದ್ದೆ. ಗೆರೆಗಳು ಒತ್ತಾಗಿದ್ದರೆ ನೆಲ ಕಡಿದಾಗಿ ಬೀಳುತ್ತದೆ. ಬೀಳುವ ನೆಲದ ಅಂಚಿನಲ್ಲಿ ಒಂದಿಷ್ಟು ಸಮತಟ್ಟು ಇದ್ದರೆ ಅಲ್ಲಿ ಕೂರಬಹುದು. ಹಾಗೆ ಗುರುತು ಹಾಕಿಕೊಂಡು ಹೋದಾಗ ಕೆಲವು ಸಲ ಒಳ್ಳೆಯ ಜಾಗ ಸಿಕ್ಕಿತು, ಕೆಲವು ಸಲ ಯಾರದೋ ಖಾಸಗಿ ಹೊಲದ ಬೋರ್ಡು ಸಿಕ್ಕಿತು.

ಆದರೆ ಎಲ್ಲಕ್ಕಿಂತ ಚೆನ್ನಾದದ್ದು ನಕ್ಷೆಯಿಂದ ಸಿಕ್ಕಿದ್ದಲ್ಲ. ಅದು ಒಂದು ತಪ್ಪಿನಿಂದ ಸಿಕ್ಕಿತು.

ದ್ವೀಪದ ದಕ್ಷಿಣಕ್ಕೆ ಸಮುದ್ರದ ಮೇಲೆ ಗೋಡೆಯಂತೆ ನಿಂತ ಕಡಿದಾದ ದೊಡ್ಡ ಬಂಡೆಗಳಿವೆ. ಮೇಲೆ ವಿಶಾಲವಾದ ಬಯಲು. ಸುಣ್ಣಕಲ್ಲು ತೂತುತೂತಾಗಿ ಸವೆದಿದೆ. ನಡುವೆ ಮೊಣಕಾಲಿನಷ್ಟೂ ಎತ್ತರವಿಲ್ಲದ ಕುರುಚಲು ಗಿಡಗಳು, ತುಳಿದರೆ ಓಮದ ವಾಸನೆ. ನಾನು ಮೊದಲ ಸಲ ಅಲ್ಲಿಗೆ ಹೋದಾಗ ಬಯಲಿನ ಉದ್ದಕ್ಕೂ ಅಲ್ಲಲ್ಲಿ ಕಲ್ಲಿನ ಮೇಲೆ ಕಲ್ಲು ಜೋಡಿಸಿಟ್ಟ ಚಿಕ್ಕ ಗುಪ್ಪೆಗಳನ್ನು ಕಂಡೆ. ಇಲ್ಲಿಯೂ ಜನರಿಗೆ ಮನೆಯಿಲ್ಲ, ಇಲ್ಲಿಯೂ ಮನೆ ಬೇಕೆಂದು ಕೇಳಿಕೊಳ್ಳುತ್ತಾರೆ ಎಂದುಕೊಂಡೆ.

ಮುಳಬಾಗಿಲಿನ ಹತ್ತಿರದ ಆವಣಿ ಬೆಟ್ಟ ಹತ್ತಿದವರಿಗೆ ಇದು ಗೊತ್ತು. ಸ್ವಂತ ಮನೆ ಬೇಕೆನ್ನುವವರು ಬೆಟ್ಟದ ಮೇಲೆ ಕಲ್ಲು ಜೋಡಿಸಿ ಪುಟ್ಟ ಮನೆ ಕಟ್ಟಿ ಬರುತ್ತಾರೆ. ನಮ್ಮ ಅಮ್ಮ ಅದನ್ನು ಬಹಳ ಅಚ್ಚುಕಟ್ಟಾಗಿ ಕಟ್ಟುತ್ತಿದ್ದಳು. ಎರಡು ಕಲ್ಲನ್ನು ನಿಲ್ಲಿಸಿ, ಮೇಲೊಂದು ಚಪ್ಪಟೆ ಕಲ್ಲು ಹೊದಿಸಿದರೆ ಬಾಗಿಲಾಯಿತು. ಅದರ ಮೇಲೆ ಮನೆಯಲ್ಲಿರುವ ಒಬ್ಬೊಬ್ಬರ ಹೆಸರು ಹೇಳಿ ಒಂದೊಂದು ಚಿಕ್ಕ ಕಲ್ಲು. ಬಾಡಿಗೆ ಮನೆಯಲ್ಲಿದ್ದ ಕಾಲದುದ್ದಕ್ಕೂ ಹಾಗೆ ಕಟ್ಟಿದಳು. ಒಮ್ಮೆ ನನ್ನ ಲಂಗದ ಅಂಚು ತಗುಲಿ ಯಾರದೋ ಮನೆಯ ಮೇಲಿನ ಕಲ್ಲು ಉರುಳಿದಾಗ ಅಮ್ಮ ತೋಳು ಚಿವುಟಿದ್ದು ಇನ್ನೂ ನೆನಪಿದೆ. "ಅಡ್ಡ ಹೋಗ್ಬೇಡ. ಸುತ್ಕೊಂಡು ಬಾ." ಅಂದಿನಿಂದ ಜೋಡಿಸಿಟ್ಟ ಕಲ್ಲು ಕಂಡರೆ ನನ್ನ ಕಾಲು ತಾನಾಗಿ ದೂರ ಸರಿಯುತ್ತದೆ.

ಗೋಜೊದ ಆ ಬಯಲಿನಲ್ಲೂ ಹಾಗೆಯೇ ಸರಿಯಿತು. ಒಂದೊಂದು ಗುಪ್ಪೆಯನ್ನೂ ಸುತ್ತಿಕೊಂಡು ನಡೆದೆ. ಒಂದು ಕಡೆ ನಾಲ್ಕಾರು ಗುಪ್ಪೆಗಳು ಒಟ್ಟಿಗಿದ್ದವು. ಇಲ್ಲಿ ಒಂದು ಇಡೀ ಕುಟುಂಬ ಬಂದಿರಬೇಕು ಎಂದುಕೊಂಡು ಇನ್ನೂ ದೂರದಿಂದ ಸುತ್ತಿದೆ. ಬಿದ್ದುಹೋದ ಒಂದು ಕಲ್ಲುಗೋಡೆ, ಅದರಾಚೆ ಎರಡು ಪಾಪಾಸುಕಳ್ಳಿಯ ಪೊದೆಗಳ ನಡುವೆ ಒಬ್ಬರು ನುಸುಳುವಷ್ಟು ಜಾಗ. ನುಸುಳಿದೆ. ನೆಲ ಮೆಟ್ಟಿಲಿನಂತೆ ಕೆಳಗಿಳಿಯಿತು. ಕೆಳಗೆ ಒಂದು ಕ್ಯಾರಬ್ ಮರ, ನಮ್ಮ ಹುಣಸೆಯ ದೂರದ ನೆಂಟನಂಥದ್ದು, ಗಾಳಿಗೆ ಪೂರ್ತಿ ಒಂದೇ ಕಡೆಗೆ ಬಾಗಿ ಬೆಳೆದಿತ್ತು. ಅದರ ಅಡಿಯಲ್ಲಿ ಚಾಪೆ ಹಾಸುವಷ್ಟು ಅಗಲದ ಬಂಡೆಯಂಚು.

ಕೂತೆ. ಮುಂದೆ ಏನೂ ಇರಲಿಲ್ಲ, ನೀರು ಮಾತ್ರ. ಬಂಡೆಯ ಬುಡದಲ್ಲಿ ಹಸಿರು, ಆಮೇಲೆ ನವಿಲುಗರಿಯ ನೀಲಿ, ಆಮೇಲೆ ಕಪ್ಪು ಅನ್ನಿಸುವಷ್ಟು ಗಾಢ. ಎಡಕ್ಕೆ ಇನ್ನೊಂದು ಪುಟ್ಟ ದ್ವೀಪ, ಅದರಾಚೆ ಮಾಲ್ಟಾ, ನಡುವೆ ಹೊಲಿಗೆ ಹಾಕುವ ಸೂಜಿಯಂತೆ ಆಚೆಯಿಂದೀಚೆಗೆ ಓಡಾಡುವ ಫೆರ್ರಿ. ತಲೆಯ ಮೇಲೆ ಬಂಡೆ ಮುಂಚಾಚಿದ್ದರಿಂದ ಮೇಲಿನ ದಾರಿಯವರಿಗೆ ನಾನು ಕಾಣುವಂತಿರಲಿಲ್ಲ. ಬಿಸಿಲಿಳಿಯುವವರೆಗೂ ಅಲ್ಲೇ ಇದ್ದೆ.

ಕೆಲವು ವಾರಗಳಾದ ಮೇಲೆ ಜೊತೆಗೆ ಓದುತ್ತಿದ್ದ ಒಬ್ಬ ಹುಡುಗಿ, ಮಾತಿನ ನಡುವೆ, ಆ ಗುಪ್ಪೆಗಳು ನಡೆಯುವವರಿಗೆ ದಾರಿ ತೋರಿಸಲು ಇಟ್ಟ ಗುರುತು ಎಂದಳು. ಗುಪ್ಪೆ ಇದ್ದಲ್ಲಿ ದಾರಿ. ಹೆಚ್ಚು ಗುಪ್ಪೆ ಇದ್ದಲ್ಲಿ ತಿರುವು. ನಾನು ಹೌದಾ ಎಂದು ತಲೆಯಾಡಿಸಿದೆ. ಎಲ್ಲರೂ ಯಾವುದನ್ನು ನೋಡಿ ಹತ್ತಿರ ಹೋಗುತ್ತಾರೋ ಅದನ್ನು ನೋಡಿ ನಾನು ದೂರ ಹೋಗಿದ್ದೆ. ಆ ಜಾಗ ಸಿಕ್ಕಿದ್ದು ಅದಕ್ಕೇ. ಇದನ್ನು ಅವಳಿಗೆ ಹೇಳಲಿಲ್ಲ, ಮನೆಗೂ ಹೇಳಲಿಲ್ಲ. ಮುಂದಿನ ಭಾನುವಾರ ಹೋಗಿ, ಮರದ ಬುಡದಲ್ಲಿ ಅಮ್ಮ ಕಟ್ಟುವ ಹಾಗೆಯೇ ಎರಡು ಕಲ್ಲು ನಿಲ್ಲಿಸಿ, ಮೇಲೆ ಚಪ್ಪಡಿ ಹೊದಿಸಿ, ಅದರ ಮೇಲೆ ಒಂದೇ ಒಂದು ಚಿಕ್ಕ ಕಲ್ಲು ಇಟ್ಟು ಬಂದೆ. ನನಗೆ ಬೇಕಿದ್ದದ್ದು ಅಷ್ಟು ದೊಡ್ಡ ಮನೆ.

ಚಳಿಗಾಲ ಕಳೆಯುವಾಗ ಅಕ್ಕ ಬರುವ ಸುದ್ದಿ ಬಂತು. ಅವಳು ನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಅಸೆಂಬ್ಲಿ ಲೈನ್ ನೋಡಿಕೊಳ್ಳುತ್ತಾಳೆ. ಶಿಫ್ಟು, ಕಂಪನಿ ಬಸ್ಸು, ಬಸ್ಸಿನಲ್ಲಿ ಅವಳಿಗಾಗಿ ಸೀಟು ಹಿಡಿದಿಡುವ ಗೆಳತಿಯರು. ರಜೆ ಉಳಿಸಿಕೊಂಡಿದ್ದಳಂತೆ.

"ಅವ್ಳು ಒಬ್ಳೇ ಇದಾಳೆ, ನೋಡ್ಕೊಂಡು ಬಾ ಅಂತ ನಾನೇ ಅಂದೆ," ಎಂದಳು ಅಮ್ಮ ಫೋನಿನಲ್ಲಿ.

"ಬರ್ಲಿ," ಎಂದೆ.

"ಏನದು, ನೆಂಟ್ರು ಬರ್ತಾರೆ ಅಂದ್ರೆ ಅನ್ನೋ ಹಂಗೆ ಬರ್ಲಿ ಅಂತೀಯ?"

ಫೆರ್ರಿಯಿಂದ ಇಳಿದ ಅಕ್ಕನ ಕೈಯಲ್ಲಿ ರಾಗಿ ಹಿಟ್ಟು, ಚಟ್ನಿಪುಡಿ, ಉಪ್ಪಿನಕಾಯಿ ತುಂಬಿದ ಚೀಲ. ಹಿಂದೆ ಅವಳ ಸೂಟ್‌ಕೇಸನ್ನು ಎಳೆದುಕೊಂಡು ಬರುತ್ತಿದ್ದ ಯಾರೋ ಇಳಿವಯಸ್ಸಿನ ದಂಪತಿ. ಹಡಗಿನಲ್ಲಿ ಪರಿಚಯವಾದರಂತೆ.

"ಏನೇ ಇದು, ಕಡ್ಡಿ ಆಗ್ಬಿಟ್ಟಿದೀಯ," ಎಂದಳು. ಬಸ್ಸಿನ ಕಿಟಕಿಯಿಂದ ಹೊರಗೆ ನೋಡಿ, "ಇಲ್ಲೂ ಪಾಪಾಸುಕಳ್ಳೀನಾ? ಇಷ್ಟು ದೂರ ಬಂದು ನಮ್ಮ ಯಲ್ದೂರು ಅತ್ತೆ ತೋಟದ ಬೇಲಿನೇ ನೋಡ್ಬೇಕಾ ನಾನು?" ಎಂದಳು. ಮುಂದಿನ ಸೀಟಿನವರು ಅರ್ಥವಾಗದಿದ್ದರೂ ತಿರುಗಿ ನಕ್ಕರು. ಅಷ್ಟು ತಿಂಗಳಲ್ಲಿ ಆ ಬಸ್ಸಿನಲ್ಲಿ ನನ್ನ ಕಡೆಗೆ ತಿರುಗಿ ಯಾರೂ ನಕ್ಕಿರಲಿಲ್ಲ. ನಗಲು ನಾನು ಕಾರಣ ಕೊಟ್ಟಿರಲಿಲ್ಲ ಎಂಬುದು ಬೇರೆ ಮಾತು.

ಅಕ್ಕನ ಇಂಗ್ಲಿಷ್ ಫ್ಯಾಕ್ಟರಿಯದು. ಗಿಡ್ಡ, ನೇರ, ವ್ಯಾಕರಣದ ಗೊಡವೆಯಿಲ್ಲದ್ದು. ಅದು ಎಲ್ಲ ಕಡೆ ನಡೆಯಿತು. ಹಳ್ಳಿಯ ಚೌಕದಲ್ಲಿ ಗಾಜಿನ ಲೋಟದಲ್ಲಿ ಗಟ್ಟಿ ಹಾಲಿನ ಚಹಾ ಕೊಡುವ ಅಂಗಡಿಯಿದೆ. ನಾನು ಅಲ್ಲಿ ದಿನಾ ಮೂಲೆಯ ಮೇಜಿನಲ್ಲಿ ಕೂತು, ಕುಡಿದು, ಎದ್ದು ಬರುತ್ತಿದ್ದೆ. ಅಕ್ಕ ಹೋದ ಮೊದಲ ದಿನವೇ ಕೌಂಟರಿನ ಆಚೆ ನಿಂತು ಹಾಲು ಎಷ್ಟು ಕುದಿಸಬೇಕೆಂದು ಅವರಿಗೆ ಹೇಳಿಕೊಡುತ್ತಿದ್ದಳು. ಅಂಗಡಿಯವನು ಅವಳಿಗೆ ಸೂರ್ಯ ಮುಳುಗುವುದನ್ನು ಎಲ್ಲಿ ನಿಂತು ನೋಡಬೇಕೆಂದು ಹೇಳಿದ. ಚೀಸ್ ಮಾರುವ ಹೆಂಗಸು ಮೀನುಗಾರರ ದೋಣಿ ಬರುವುದು ಚೆನ್ನಾಗಿ ಕಾಣುವ ಒಂದು ಮೆಟ್ಟಿಲಿನ ದಾರಿ ಹೇಳಿದಳು. ಎರಡೂ ನಾನು ನಕ್ಷೆ ನೋಡಿ, ಬಿಸಿಲಲ್ಲಿ ಅಲೆದು, ಒಂದು ಸಲ ಕಾಲು ಉಳುಕಿಸಿಕೊಂಡು ಕಂಡ ಜಾಗಗಳು. ಅಕ್ಕನಿಗೆ ಅವು ಚಹಾದ ಜೊತೆ ಬಂದವು.

ಒಂದು ಸಂಜೆ ನಾನು ಕೆಲಸದಿಂದ ಬರುವಾಗ ಮನೆಯಲ್ಲಿ ಮುದ್ದೆಯ ವಾಸನೆ. ಅಕ್ಕ ಓನರಮ್ಮನ ಅಡುಗೆಮನೆಯಲ್ಲಿ, ಅವರದೇ ಮರದ ಸೌಟಿನಲ್ಲಿ ರಾಗಿ ಮುದ್ದೆ ತಿರುವುತ್ತಿದ್ದಳು. ಆ ಅಡುಗೆಮನೆಯ ಹೊಸಿಲನ್ನು ನಾನು ಅದುವರೆಗೆ ದಾಟಿರಲಿಲ್ಲ. ಓನರಮ್ಮ ಮುದ್ದೆಯನ್ನು ಮುರಿದು, ಅಗಿದು, ಅಗಿಯಬಾರದು ನುಂಗಬೇಕು ಎಂದು ಅಕ್ಕ ಸನ್ನೆ ಮಾಡಿದ್ದಕ್ಕೆ ಇಬ್ಬರೂ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು.

ಅಕ್ಕ ನನ್ನ ಮುಂದೆ ಒಂದು ಬೀಗದ ಕೈ ಆಡಿಸಿದಳು. "ತಾರಸಿದು. ಮೇಲೆ ಹೋದ್ರೆ ಎರಡೂ ಕಡೆ ಸಮುದ್ರ ಕಾಣುತ್ತಂತೆ. ನೀನು ಯಾವತ್ತೂ ಕೇಳೇ ಇಲ್ವಂತಲ್ಲೇ?"

ತಾರಸಿಯ ಮೆಟ್ಟಿಲು ನನ್ನ ಕೋಣೆಯ ಬಾಗಿಲ ಪಕ್ಕದಲ್ಲೇ ಇತ್ತು. ಬೀಗ ಹಾಕಿದ್ದರಿಂದ ಅದು ನನಗಲ್ಲ ಎಂದುಕೊಂಡಿದ್ದೆ. ಕೇಳಬಹುದು ಎಂಬುದು ನನಗೆ ಹೊಳೆದಿರಲಿಲ್ಲ. ಮೂವರೂ ಮೇಲೆ ಹೋದೆವು. ನಿಜಕ್ಕೂ ಎರಡು ಕಡೆ ಸಮುದ್ರ ಕಾಣುತ್ತಿತ್ತು. ಊರಿನ ಚರ್ಚಿನ ಗುಮ್ಮಟ ಕೈಗೆಟುಕುವಷ್ಟು ಹತ್ತಿರ, ಅದರ ಹಿಂದೆ ಕೆಂಪಾಗುತ್ತಿದ್ದ ಆಕಾಶ. ಅಕ್ಕ ಓನರಮ್ಮನ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಂಡಳು. ತೆಗೆದವಳು ನಾನು. ಅಕ್ಕ ಅದನ್ನು ಅಲ್ಲಿಂದಲೇ ಸ್ಟೇಟಸ್ಸಿಗೆ ಹಾಕಿದಳು. ಕೋಣೆಗೆ ಇಳಿಯುವಷ್ಟರಲ್ಲಿ ಅಮ್ಮನ ಫೋನು. "ನೀನು ಹೋಗಿ ಇಷ್ಟು ದಿನ ಆಯ್ತು, ಒಂದು ಇಂಥ ಫೋಟೋ ಕಳಿಸ್ಲಿಲ್ವಲ್ಲೇ."

ಹೊಟ್ಟೆಕಿಚ್ಚು ಎಂಬುದಕ್ಕೆ ಆ ಹೆಸರು ಇಟ್ಟವರು ಸರಿಯಾಗಿಯೇ ಇಟ್ಟಿದ್ದಾರೆ. ನನಗೆ ಆ ರಾತ್ರಿ ಊಟ ಸೇರಲಿಲ್ಲ. ಅಕ್ಕನ ಮೇಲೆ ಸಿಟ್ಟು ಬಂದಿದ್ದರೆ ಸುಲಭವಿತ್ತು. ಅವಳು ಏನನ್ನೂ ಕಸಿದಿರಲಿಲ್ಲ. ನಾನು ಹುಡುಕಬೇಕಾದದ್ದು ಅವಳ ಕೈಗೆ ತಾನಾಗಿ ಬರುತ್ತಿತ್ತು, ಬಂದದ್ದನ್ನು ಅವಳು ಎಲ್ಲರಿಗೂ ಹಂಚುತ್ತಿದ್ದಳು, ಹಂಚಿದ ಮೇಲೆ ಅದು ಅವಳದಾಗುತ್ತಿತ್ತು. ಆ ಬಂಡೆಯಂಚನ್ನು ಮಾತ್ರ ತೋರಿಸುವುದಿಲ್ಲ ಎಂದು ನಾನು ಅಂದೇ ತೀರ್ಮಾನಿಸಿದೆ. ಅವಳು ಒಂದು ವಾರ ಇರುವವಳು. ನಾನು ಅಷ್ಟನ್ನು ಕಾಪಾಡಿಕೊಂಡರೆ ಸಾಕಿತ್ತು.

ಮಾರನೆಯ ದಿನದಿಂದ ಅವಳನ್ನು ಉತ್ತರದ ಕಡೆಗೇ ಕರೆದುಕೊಂಡು ಹೋದೆ. ಕಡಲ ದಂಡೆಯ ಬಂಡೆಯಲ್ಲೇ ಕಡೆದ ಉಪ್ಪಿನ ಮಡಿಗಳನ್ನು ತೋರಿಸಿದೆ. ಗದ್ದೆಯ ಹಾಗೆ ಚೌಕ ಚೌಕ, ಒಂದೊಂದರಲ್ಲೂ ಒಂದೊಂದು ತುಂಡು ಆಕಾಶ. ಅಕ್ಕ ಬಾಯಿ ತುಂಬ ಹೊಗಳಿದಳು. ಹೊರಡುವ ಹಿಂದಿನ ದಿನ, ಬೆಳಿಗ್ಗೆ ಎದ್ದವಳೇ, "ಇವತ್ತು ಆ ಸಮುದ್ರದ ಮೇಲಿರೋ ದೊಡ್ಡ ಬಂಡೆ ಕಡೆ ಹೋಗೋಣ. ಓನರಮ್ಮ ಹೇಳಿದ್ರು, ಅದು ನೋಡ್ದೆ ಹೋಗ್ಬೇಡ ಅಂತ," ಎಂದಳು.

"ಗಾಳಿ ಜಾಸ್ತಿ ಅಲ್ಲಿ."

"ಟೇಕಲ್ಲಲ್ಲಿ ಇಲ್ವಾ ಗಾಳಿ?"

ಇಬ್ಬರೂ ಹೊರಟೆವು. ದಾರಿಯಲ್ಲಿ ಲೆಕ್ಕ ಹಾಕಿದೆ. ಗುಪ್ಪೆಗಳ ದಾರಿ ಹಿಡಿದು ನೇರ ಹೋದರೆ ಬೆಂಚು ಹಾಕಿದ ಒಂದು ಜಾಗ ಸಿಗುತ್ತದೆ. ಅಲ್ಲಿಂದಲೂ ಸಮುದ್ರ ಕಾಣುತ್ತದೆ. ಪ್ರವಾಸಿಗಳೆಲ್ಲ ಅಲ್ಲೇ ನಿಲ್ಲುತ್ತಾರೆ. ನನ್ನ ಜಾಗ ಅದಕ್ಕಿಂತ ಮುಂಚೆ, ಬಲಗಡೆ, ಗೋಡೆಯ ಆಚೆ. ದಾರಿಯ ಮೇಲಿರುವವರಿಗೆ ಅದರ ಸುಳಿವೂ ಸಿಗುವುದಿಲ್ಲ. ದಾರಿ ಬಿಡದಿದ್ದರಾಯಿತು.

ಬಯಲಿನಲ್ಲಿ ನಾನು ಮುಂದೆ, ಅಕ್ಕ ಹಿಂದೆ. ಅವಳು ಭಾವನ ಜೊತೆ ಫೋನಿನಲ್ಲಿ ಗಾಳಿಗೆ ಕಿರುಚಿಕೊಂಡು ಮಾತಾಡುತ್ತಿದ್ದಳು. "ಮುಸುರೆ ಪಾತ್ರೆ ನೆನೆ ಹಾಕಿದ್ದೀರಾ ಇಲ್ವಾ ಅಷ್ಟು ಹೇಳಿ ಮೊದ್ಲು." ನಾಲ್ಕಾರು ಗುಪ್ಪೆಗಳಿರುವ ತಿರುವು ದಾಟಿ ಸ್ವಲ್ಪ ದೂರ ಹೋದ ಮೇಲೆ ಹಿಂದಿನ ಮಾತು ನಿಂತಿದೆ ಎಂದು ಗಮನಕ್ಕೆ ಬಂತು. ತಿರುಗಿದೆ. ಅಕ್ಕ ಗುಪ್ಪೆಗಳ ಮುಂದೆ ನಿಂತಿದ್ದಳು. ಫೋನನ್ನು ಚೀಲಕ್ಕೆ ಹಾಕಿ, ದುಪಟ್ಟದ ತುದಿ ಕಲ್ಲಿಗೆ ತಗುಲದ ಹಾಗೆ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು.

"ಅಕ್ಕಾ, ದಾರಿ ಈ ಕಡೆ."

"ಇರು, ಯಾರೋ ಮನೆ ಕಟ್ಟಿದಾರೆ. ಸುತ್ಕೊಂಡು ಬರ್ತೀನಿ."

"ಅದು ಮನೆ ಅಲ್ಲ. ದಾರಿ ಗುರ್ತು. ನೇರ ಬಾ."

"ಏನಾದ್ರಾಗ್ಲಿ. ಜೋಡ್ಸಿರೋದನ್ನ ಯಾಕೆ ತುಳೀಬೇಕು?" ಎಂದು ಅವಳು ಬಲಕ್ಕೆ ತಿರುಗಿದಳು.

ಆವಣಿ ಬೆಟ್ಟದಲ್ಲಿ ಅಮ್ಮ ಚಿವುಟಿದ್ದು ನನ್ನೊಬ್ಬಳನ್ನೇ ಅಲ್ಲ ಎಂಬುದು ನನಗೆ ಆ ಕ್ಷಣದಲ್ಲಿ ನೆನಪಾಯಿತು. ಬಿದ್ದ ಗೋಡೆಯ ಕಡೆಗೆ ಅವಳು ನಡೆದಳು. ನಾನು ಅಂದು ಎಲ್ಲೆಲ್ಲಿ ಕಾಲಿಟ್ಟಿದ್ದೆನೋ ಅಲ್ಲಲ್ಲೇ ಅವಳೂ ಇಟ್ಟಳು, ಯಾಕೆಂದರೆ ಬೇರೆಲ್ಲಿ ಇಟ್ಟರೂ ಯಾವುದೋ ಒಂದು ಗುಪ್ಪೆ ಹತ್ತಿರವಾಗುತ್ತಿತ್ತು. ನಾನು ಮತ್ತೊಮ್ಮೆ ಕರೆದೆ. ಗಾಳಿ ಮಾತನ್ನು ಹಿಂದಕ್ಕೆ ಒಯ್ದಿತು. ಪಾಪಾಸುಕಳ್ಳಿಯ ನಡುವೆ ಅವಳ ನೀಲಿ ಚೂಡಿದಾರ್ ಒಮ್ಮೆ ಕಂಡು ಮರೆಯಾಯಿತು. ಆಮೇಲೆ ನೆಲದಡಿಯಿಂದ ಬಂದಂತೆ ಅವಳ ದನಿ, ತೆಲುಗಿನಲ್ಲಿ. ಬಹಳ ಸಂತೋಷವಾದಾಗ ಮನೆಯಲ್ಲಿ ನಾವೆಲ್ಲ ತೆಲುಗಿಗೆ ಜಾರುತ್ತೇವೆ.

"ಒಸೇ, ಇಟ್ಲ ರಾವೇ. ಚೂಡವೇ ಇದಿ."

ಬಾ, ನೋಡು ಇದನ್ನ ಎಂದು ನನ್ನ ಜಾಗಕ್ಕೆ ನನ್ನನ್ನೇ ಕರೆಯುತ್ತಿದ್ದಳು.

ನಾನು ಅಲ್ಲೇ ನಿಂತೆ. ನಕ್ಷೆಯಿಂದ ಸಿಕ್ಕ ಜಾಗಗಳು ಅವಳಿಗೆ ಬೇರೆ ದಾರಿಯಲ್ಲಿ ಸಿಕ್ಕಿದ್ದನ್ನು ಹೇಗೋ ನುಂಗಿಕೊಂಡಿದ್ದೆ. ಇದು ನನ್ನ ತಪ್ಪಿನಿಂದ ಸಿಕ್ಕಿದ್ದು. ಬೇರೆ ಯಾರಿಗೂ ಸಾಧ್ಯವಾಗದ ತಪ್ಪು ಎಂದುಕೊಂಡಿದ್ದೆ. ಪ್ರಪಂಚದಲ್ಲಿ ಆ ತಪ್ಪನ್ನು ಮಾಡಬಲ್ಲ ಇನ್ನೊಬ್ಬಳು ಇದ್ದಳು, ಅವಳು ಒಂದು ನಿಮಿಷದಲ್ಲಿ ಅದನ್ನು ಮಾಡಿ ಮುಗಿಸಿದ್ದಳು. ಅವಳ ಫೋಟೋಗಳು, ಅಮ್ಮನ ಫೋನು, ಟೇಕಲ್ಲಿನ ಹಾಲಿನ ಗೋಡೆ, ಎಲ್ಲ ಕಣ್ಣ ಮುಂದೆ ಬಂತು.

ನಾನು ಇಳಿದು ಹೋದಾಗ ಅಕ್ಕ ಸಮುದ್ರ ನೋಡುತ್ತಿರಲಿಲ್ಲ. ಮರದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ಅವಳ ಮುಂದೆ ಎರಡು ನಿಂತ ಕಲ್ಲು, ಚಪ್ಪಡಿ, ಅದರ ಮೇಲೆ ಒಂದು ಚಿಕ್ಕ ಕಲ್ಲು. ಅಲ್ಲಿನ ಚಳಿಗಾಲದ ಮಳೆ ಕಳೆದರೂ ಅದು ಅಲುಗಿರಲಿಲ್ಲ.

"ಮೇಲಿರೋವು ಸುಮ್ನೆ ಗುಡ್ಡೆ," ಎಂದಳು ಅಕ್ಕ. "ಇದಕ್ಕೆ ಬಾಗ್ಲಿದೆ."

ನಾನು ಬಂಡೆಯಂಚಿನಲ್ಲಿ ಕೂತೆ. ಫೆರ್ರಿಯನ್ನು ನೋಡಿದೆ.

"ಒಬ್ರೇ ಇರೋ ಮನೆ," ಎಂದಳು, ಮೇಲಿನ ಕಲ್ಲನ್ನು ಮುಟ್ಟದೆ ಅದರ ಹತ್ತಿರಕ್ಕೆ ಬೆರಳು ಒಯ್ದು. ಆಮೇಲೆ, "ಅಮ್ಮಂಗೂ ಇಟ್ಟಿಲ್ಲ ಅಲ್ವಾ," ಎಂದಳು. ಬೈಗುಳದ ದನಿಯಲ್ಲ ಅದು, ಅಂಗಡಿಯಲ್ಲಿ ಬಟ್ಟೆಯ ಅಳತೆ ನೋಡುವಾಗಿನ ದನಿ.

ಪಕ್ಕದಲ್ಲಿದ್ದ ಒಂದು ಕಲ್ಲನ್ನು ಅವಳು ಕೈಗೆತ್ತಿಕೊಂಡಳು. ಒಳ್ಳೆಯ ಕಲ್ಲು. ಚಪ್ಪಟೆ, ಅಂಗೈ ತುಂಬುವಷ್ಟು. ಅದನ್ನು ನನ್ನ ಕಲ್ಲಿನ ಮೇಲೆ ಇಡುತ್ತಾಳೆ ಎಂದು ಕಾದೆ. ಇಟ್ಟರೆ ನಾನು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಅವಳು ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು. ಕಲ್ಲನ್ನು ಮಡಿಲಲ್ಲಿಟ್ಟುಕೊಂಡು ಬಂಡೆಯಂಚಿಗೆ ಬಂದು ನನ್ನ ಪಕ್ಕ ಕೂತಳು.

"ಫೋಟೋ ತೆಗೀಲಾ?"

ಅಕ್ಕ ಫೋಟೋ ತೆಗೆಯುವ ಮುಂಚೆ ಯಾರನ್ನಾದರೂ ಕೇಳಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಬೇಡ," ಎಂದೆ.

"ಹ್ಞೂಂ."

ಅಷ್ಟೇ. ಅವಳು ಸುಮ್ಮನೆ ಕೂತಳು. ಸುಮ್ಮನೆ ಕೂರುವುದು ಅವಳಿಗೆ ಬರುವುದಿಲ್ಲ, ಕಾಲು ಅಲ್ಲಾಡಿಸುತ್ತಿದ್ದಳು. ಒಂದು ಫೆರ್ರಿ ಹೋಗಿ ಇನ್ನೊಂದು ಬಂತು. ಏಳುವಾಗ ಮಡಿಲಿನ ಕಲ್ಲನ್ನು ಅಲ್ಲಿ ಬಿಡಲಿಲ್ಲ. ಕೈಯಲ್ಲಿ ಹಿಡಿದುಕೊಂಡೇ ಮೇಲೆ ಹತ್ತಿ, ಪಾಪಾಸುಕಳ್ಳಿಯ ನಡುವೆ ನುಸುಳಿ, ದಾರಿಯ ತಿರುವಿಗೆ ಬಂದು, ಅಲ್ಲಿದ್ದ ಯಾವುದೋ ಗುಪ್ಪೆಯ ಮೇಲೆ ಅದನ್ನಿಟ್ಟಳು. ಎರಡು ಸಲ ಅಲುಗಿಸಿ ಗಟ್ಟಿಯಾಗಿದೆಯೇ ನೋಡಿದಳು. ಆಮೇಲೆ ನಾವು ಬೆಂಚಿನ ಜಾಗಕ್ಕೆ ಹೋದೆವು. ಅಲ್ಲಿ ಅವಳು ಹತ್ತಾರು ಫೋಟೋ ತೆಗೆದಳು, ಗಾಳಿಗೆ ಕೂದಲು ಹಾರುವುದು, ದುಪಟ್ಟ ಹಾರುವುದು, ನಾನು ಕಣ್ಣು ಮುಚ್ಚಿರುವುದು.

ಮರುದಿನ ಅವಳನ್ನು ಫೆರ್ರಿಗೆ ಹತ್ತಿಸಿದೆ. ಓನರಮ್ಮ ಅವಳನ್ನು ತಬ್ಬಿಕೊಂಡು ಅತ್ತರು. ಅಕ್ಕ ಹೋದ ಮೇಲೆ ಅವರು ನನ್ನನ್ನು ದಿನಾ ಅಡುಗೆಮನೆಗೆ ಕರೆಯತೊಡಗಿದರು. ಕೂತು ಚಹಾ ಕುಡಿಯುವಾಗ ಅವರು ಕೇಳುತ್ತಿದ್ದುದು ಅಕ್ಕನ ಸುದ್ದಿ.

ಆ ಜಾಗಕ್ಕೆ ನಾನು ಆಮೇಲೂ ಹೋದೆ, ಓದು ಮುಗಿಯುವವರೆಗೂ. ಹೋದಾಗಲೆಲ್ಲ ಮೊದಲು ಫೋನಿನಲ್ಲಿ ಅಕ್ಕನ ಸ್ಟೇಟಸ್ಸನ್ನು ನೋಡುತ್ತಿದ್ದೆ. ಉಪ್ಪಿನ ಮಡಿ ಬಂತು, ಚರ್ಚು ಬಂತು, ಬೆಂಚು ಬಂತು. ಕ್ಯಾರಬ್ ಮರ ಬರಲಿಲ್ಲ. ಇವತ್ತಿಲ್ಲದಿದ್ದರೆ ನಾಳೆ ಬರುತ್ತದೆ, ಅವಳ ಬಾಯಲ್ಲಿ ಮಾತು ನಿಲ್ಲುವುದಿಲ್ಲ, ಕಂಪನಿ ಬಸ್ಸಿನಲ್ಲಿ ಆಗಲೇ ಎಲ್ಲರಿಗೂ ಹೇಳಿರುತ್ತಾಳೆ ಎಂದುಕೊಳ್ಳುತ್ತಿದ್ದೆ.

ನಾನು ಊರಿಗೆ ಬಂದಾಗ ಮಾವಿನ ಕಾಲ ಮುಗಿಯುತ್ತಿತ್ತು. ಯಲ್ದೂರಿನ ಅತ್ತೆ ತೋಟದ ಕೊನೆಯ ಹಣ್ಣುಗಳನ್ನು ಬುಟ್ಟಿಯಲ್ಲಿ ತಂದಿದ್ದರು. ಹಾಲಿನಲ್ಲಿ, ಆ ಮದುವೆ ಫೋಟೋದ ಕೆಳಗೆ, ಪೇಪರು ಹಾಸಿಕೊಂಡು ಎಲ್ಲರೂ ಹಣ್ಣು ತಿನ್ನುತ್ತಿದ್ದೆವು. ಶಿಫ್ಟು ಮುಗಿಸಿ ಅಕ್ಕನೂ ಬಂದಿದ್ದಳು. ಮಾತು ದ್ವೀಪಕ್ಕೆ ತಿರುಗಿತು. ತಿರುಗಿಸಿದವಳು ಅವಳೇ. ಓನರಮ್ಮ ಮುದ್ದೆ ಅಗಿದದ್ದನ್ನು ಅಭಿನಯಿಸಿ ತೋರಿಸಿದಳು. ಅತ್ತೆ ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

"ಅಲ್ಲಮ್ಮ ದೊಡ್ಡೋಳೇ," ಎಂದರು ಅತ್ತೆ, "ಇಷ್ಟೆಲ್ಲ ನೋಡಿದ್ಯಲ್ಲ, ಎಲ್ಲಾದ್ರಲ್ಲೂ ಚೆಂದದ್ದು ಯಾವ್ದು ಹೇಳು."

ಮಾವಿನ ಓಟೆ ಚೀಪುತ್ತಿದ್ದವಳು ನಿಲ್ಲಿಸಿದೆ. ಈಗ ಬಂತು ಎಂದುಕೊಂಡೆ. ಅಕ್ಕ ನನ್ನ ಕಡೆ ನೋಡಲೂ ಇಲ್ಲ. ಅಂಗೈಯಿಂದ ಮೊಣಕೈಗೆ ಇಳಿಯುತ್ತಿದ್ದ ರಸವನ್ನು ನೆಕ್ಕಿಕೊಂಡು, ಒಂದು ಗಳಿಗೆ ಯೋಚಿಸಿದವಳಂತೆ ಮಾಡಿ, "ಉಪ್ಪಿನ ಮಡಿ," ಎಂದಳು. "ಅಯ್ಯೋ ಅತ್ತೆ, ಏನು ಹೇಳ್ತೀರ. ನೆಲದ ಮೇಲೆ ಕನ್ನಡಿ ಹಾಸಿದ ಹಂಗೆ. ನಾನು ಅಲ್ಲೇ ಕೂತ್ಬಿಟ್ಟಿದ್ದೆ, ಏಳೋಕೇ ಮನಸ್ಸಿಲ್ಲ. ಇವ್ಳೇ ಎಬ್ಬಿಸ್ಕೊಂಡು ಬಂದ್ಲು." ಎರಡೂ ಕೈ ಹರಡಿ ಮಡಿಗಳ ಅಗಲ ತೋರಿಸಿದಳು. ಕೂತಿದ್ದೆ ಎನ್ನುವಾಗ ಅವಳ ಮುಖದ ಮೇಲೆ ಬಂದದ್ದು ಮಡಿಗಳ ಬೆಳಕಲ್ಲ, ಆ ಮರದಡಿಯ ಬೆಳಕು. ಅದು ನನಗೆ ಮಾತ್ರ ಗೊತ್ತಾಯಿತು. ಎಲ್ಲರೂ ನಂಬಿದರು. ಅಷ್ಟು ಚೆನ್ನಾಗಿ ನಾನು ನಿಜವನ್ನೂ ಹೇಳಲಾರೆ.

ಅಮ್ಮ ನನ್ನ ಕಡೆ ತಿರುಗಿದಳು. "ಅವ್ಳು ನಾಲ್ಕು ದಿನ ಇದ್ದೋಳು. ನೀನು ವರ್ಷಪೂರ್ತಿ ಇದ್ದೋಳು, ನೀನು ಹೇಳೇ."

ಎಲ್ಲರೂ ನನ್ನನ್ನು ನೋಡಿದರು. ಅಕ್ಕ ಬುಟ್ಟಿಯೊಳಗೆ ಕೈ ಹಾಕಿ ಇನ್ನೊಂದು ಹಣ್ಣನ್ನು ಆರಿಸುತ್ತಿದ್ದಳು. ಹೇಳಬಹುದಿತ್ತು. ಒಂದು ಮರ ಇದೆ, ಅದರ ಕೆಳಗೆ ಒಂದು ಬಂಡೆಯಂಚಿದೆ, ಅದನ್ನು ಕಂಡವಳು ನಾನು ಎಂದು ಇಷ್ಟು ಜನರ ಮುಂದೆ ಹೇಳುವ ಅವಕಾಶ ನನಗೆ ಟೇಕಲ್ಲಿನ ಬಂಡೆಯ ವಿಷಯದಲ್ಲಿ ಒಮ್ಮೆಯೂ ಸಿಕ್ಕಿರಲಿಲ್ಲ. ಈಗ ಸಿಕ್ಕಿತ್ತು. ಅದನ್ನು ಕೊಟ್ಟವಳೂ ಅಕ್ಕನೇ.

"ಉಪ್ಪಿನ ಮಡಿನೇ," ಎಂದೆ.

ಅಕ್ಕ ಹಣ್ಣಿನ ತೊಟ್ಟು ಕಚ್ಚಿ ಉಗಿದು, ಒತ್ತಿ ಮೆದು ಮಾಡಿ, ನನ್ನ ಕೈಗೆ ಕೊಟ್ಟಳು. ಬುಟ್ಟಿಯಲ್ಲಿದ್ದುದರಲ್ಲಿ ಎಲ್ಲಕ್ಕಿಂತ ಒಳ್ಳೆಯ ಹಣ್ಣು ಅದೇ. ಹೀಗೆ ಆ ಜಾಗ ನಮ್ಮಿಬ್ಬರದಾಯಿತು. ನಾನು ಕಲ್ಲಿಟ್ಟು ಕೇಳಿಕೊಂಡದ್ದು ಅದನ್ನಲ್ಲ. ಹಣ್ಣು ತಿಂದೆ. ಸಿಹಿಯಾಗಿತ್ತು, ಅಂಥದ್ದನ್ನು ಆರಿಸಿ ಕೊಡಬಲ್ಲವಳು ಅವಳು ಎಂಬುದಕ್ಕೂ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.